ಬಕೆಟ್ಟಿಗೆ ಮಾತ್ರ

ಮೊದಲೇ ಹೇಳಿಬಿಡುತ್ತೇನೆ, ನಮಗೆ ಹಂದಿಗಳ ಮೇಲೆ ಯಾವ ಹಗೆಯೂ ಇಲ್ಲ. ನಮ್ಮ ಹಳ್ಳಿ ನೋಂಗ್ ಮೊನ್‌ನಲ್ಲಿ ಹಂದಿ ಸಾಕದ ಮನೆಯೇ ಕಡಿಮೆ. ನಮ್ಮನೆ ಹಂದಿಗೆ ಕುಂಬಳಿ ಅಂತ ಹೆಸರು. ಅದರ ಹೊಟ್ಟೆ ನೋಡಿದವರು ಆ ಹೆಸರು ಯಾಕೆ ಅಂತ ಕೇಳುವುದಿಲ್ಲ. ಮುಸುರೆ ಹಾಕಲು ತಡವಾದರೆ ಅದು ನನ್ನನ್ನು ಬೈಯುತ್ತದೆ, ನಾನೂ ತಿರುಗಿ ಬೈಯುತ್ತೇನೆ, ಇಬ್ಬರಿಗೂ ಹೊತ್ತು ಹೋಗುತ್ತದೆ. ಆದರೆ ಊರಿನ ಮೇಲ್ಗಡೆ ದಿಬ್ಬದಲ್ಲಿ, ನಮ್ಮ ಹಳ್ಳದ ನೀರು ಹುಟ್ಟುವ ಜಾಗದಲ್ಲಿ, ಇಪ್ಪತ್ತು ಸಾವಿರ ಹಂದಿಗಳನ್ನು ತಗಡಿನ ಸೂರಿನಡಿ ಕೂಡಿಹಾಕುತ್ತೇವೆ ಎಂದು ಒಂದು ಕಂಪನಿ ಬಂದರೆ ಅದು ಬೇರೆ ಮಾತು. ನಮ್ಮೂರಲ್ಲಿ ಮನುಷ್ಯರೇ ಆರುನೂರು.

ಈ ಕಥೆಯಲ್ಲಿ ತಪ್ಪು ಮಾಡಿದವಳು ನಾನು, ಬುವಾಲೈ, ವಯಸ್ಸು ಐವತ್ತೆಂಟು. ಅದನ್ನೂ ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ನಮ್ಮಕ್ಕ ಲಮ್ಯಾಯ್ ಹೇಳುತ್ತಾಳೆ.

ಕಂಪನಿಯವರು ಮೊದಲ ಸಲ ಬಂದಾಗ ಹಂದಿಯ ಸುದ್ದಿಯನ್ನೇ ಎತ್ತಲಿಲ್ಲ. ಒಂದು ಲಾರಿ ತುಂಬ ಹಳದಿ ಬಕೆಟ್ಟು ತಂದಿದ್ದರು. ವಿಹಾರದ ಭಿಕ್ಕುಗಳಿಗೆ ದಾನ ಕೊಡುತ್ತೇವಲ್ಲ, ಅದೇ ಥರದ್ದು. ಒಳಗೆ ಅಡುಗೆ ಎಣ್ಣೆ, ಮೀನಿನ ಸಾಸು, ಸೋಪು, ಒಂದು ಟವೆಲ್ಲು. ಊರಿನ ಪರಿಚಯ ಮಾಡಿಕೊಳ್ಳೋಣ ಅಂತ ಬಂದಿದ್ದೇವೆ ಎಂದರು. ಮನೆಗೊಂದು ಬಕೆಟ್ಟು; ಗುರುತಿನ ಚೀಟಿಯ ಜೆರಾಕ್ಸ್ ಕೊಟ್ಟು, ಅದರ ಮೇಲೆ ಸಹಿ ಹಾಕಬೇಕು. ನಮ್ಮ ಕಡೆ ಇದೇನೂ ಹೊಸದಲ್ಲ. ಗೊಬ್ಬರಕ್ಕೂ ಜೆರಾಕ್ಸ್, ಕೋಳಿಮರಿಗೂ ಜೆರಾಕ್ಸ್, ಕಣ್ಣಿನ ಪರೀಕ್ಷೆಗೂ ಜೆರಾಕ್ಸ್. ಎಲ್ಲರ ಮನೆಯಲ್ಲೂ ಅಕ್ಕಿ ಡಬ್ಬದ ಮೇಲೆ ಹತ್ತಿಪ್ಪತ್ತು ಪ್ರತಿ ಸಿದ್ಧವಾಗಿಯೇ ಇರುತ್ತವೆ. ಕಾಗದದ ಒಂದು ಮೂಲೆಯಲ್ಲಿ ಪುಟ್ಟ ಚೀಟಿ, ಚೀಟಿಯೊಳಗೆ ಕಳ್ಳರ ಹಾಗೆ ಕಾಣುವ ನಮ್ಮ ಮುಖ, ಮಿಕ್ಕಿದ್ದೆಲ್ಲ ಬರೀ ಖಾಲಿ.

ತಿಳಿದವರು ಆ ಖಾಲಿ ಜಾಗಕ್ಕೆ ಅಡ್ಡಲಾಗಿ ಎರಡು ಗೆರೆ ಎಳೆದು, ನಡುವೆ ಇದು ಇಂಥದ್ದಕ್ಕೆ ಮಾತ್ರ ಎಂದು ಬರೆದು ಕೊಡಬೇಕು. ಶಾಲೆಯ ಮೇಷ್ಟ್ರು ಇದನ್ನು ನೂರು ಸಲ ಹೇಳಿದ್ದಾರೆ. ಬರೆಯುವವರು ಯಾರು? ಕೈಯಾರೆ ಬಕೆಟ್ಟು ಕೊಡುತ್ತಿರುವವರ ಎದುರು ನಿಂತು ಗೆರೆ ಎಳೆದರೆ ಅವರನ್ನು ಕಳ್ಳರು ಅಂದ ಹಾಗಾಗುವುದಿಲ್ಲವೇ? ನಾನಂತೂ ಊರ ಯಜಮಾನ ಥಾವೊನ್ ಅವರ ಕೈಯಿಂದ ಮೈಕು ಕಿತ್ತುಕೊಂಡು, "ಬರ್ರೋ, ಬರ್ರೇ, ಬಕೆಟ್ಟು ಖಾಲಿಯಾದ್ರೆ ಆಮೇಲೆ ನನ್ನ ಬೈಬ್ಯಾಡಿ!" ಎಂದು ಊರಿಗೆಲ್ಲ ಕೇಳುವಂತೆ ಕೂಗಿದೆ. ಸಾಲಿನಲ್ಲಿ ಮೊದಲು ನಿಂತವಳೂ ನಾನೇ.

ನಮ್ಮಕ್ಕ ಕೊನೆಯಲ್ಲಿ ಬಂದಳು. ಸೊಂಟದ ಚೀಲದಿಂದ ಕನ್ನಡಕ ತೆಗೆದಳು, ಒರೆಸಿದಳು, ಹಾಕಿಕೊಂಡಳು. ಕಂಪನಿಯ ಹುಡುಗಿಯ ಪೆನ್ನನ್ನೇ ಕೇಳಿ ತೆಗೆದುಕೊಂಡು ತನ್ನ ಜೆರಾಕ್ಸಿನ ಮೇಲೆ ಎರಡು ಗೆರೆ ಎಳೆದು ದಪ್ಪಕ್ಷರದಲ್ಲಿ "ಬಕೆಟ್ಟಿಗೆ ಮಾತ್ರ" ಎಂದು ಬರೆದಳು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

"ಏನಕ್ಕ ಇದು, ಮರ್ಯಾದೆ ತೆಗೀತೀಯಲ್ಲ," ಎಂದೆ ಮೆಲ್ಲಗೆ.

"ನೀನು ಓದಿದ್ಯೇನೇ, ಸಹಿ ಹಾಕೋಕ್ಮುಂಚೆ?" ಎಂದಳು.

"ಬಕೆಟ್ಟಲ್ಲಿ ಓದೋಕೆ ಏನೈತೆ?"

ಅದಕ್ಕೆ ಉತ್ತರ ಎರಡು ತಿಂಗಳ ಮೇಲೆ ಸಿಕ್ಕಿತು. ಅಕ್ಕ ವೃದ್ಧಾಪ್ಯದ ಹಣ ತರಲು ಪಂಚಾಯಿತಿ ಕಚೇರಿಗೆ ಹೋದವಳು ಅಲ್ಲಿನ ಹಲಗೆಯ ಮೇಲೆ ಅಂಟಿಸಿದ್ದ ಕಾಗದವನ್ನು ನಿಂತು ಓದಿದಳು. ದಿಬ್ಬದ ಮೇಲೆ ಹಂದಿ ಸಾಕಣೆ ಕೇಂದ್ರ ಬರುತ್ತದೆ. ನೋಂಗ್ ಮೊನ್‌ನ ನೂರ ನಲವತ್ತಮೂರು ಮನೆಗಳಲ್ಲಿ ನೂರ ನಲವತ್ತೆರಡು ಮನೆಯವರು ಒಪ್ಪಿ ಸಹಿ ಹಾಕಿದ್ದಾರೆ. ಆಧಾರಕ್ಕೆ ಗುರುತಿನ ಚೀಟಿಯ ಪ್ರತಿಗಳನ್ನು ಲಗತ್ತಿಸಿದೆ. ನಮ್ಮ ಖಾಲಿ ಬಿಳಿ ಜಾಗದಲ್ಲಿ ಅವರು ತಮಗೆ ಬೇಕಾದದ್ದನ್ನು ಅಚ್ಚು ಹಾಕಿಕೊಂಡಿದ್ದರು. ಬರೆಯಲು ಜಾಗ ಕೊಡದ ಮನೆ ಒಂದೇ.

ಅಂದಿನಿಂದ ಅಕ್ಕ ನನ್ನ ಜೊತೆ ಮಾತು ಬಿಟ್ಟಳು. ಮನೆ ಎರಡಾದರೂ ಒಂದೇ ಅಂಗಳ, ಒಂದೇ ರೇಷ್ಮೆ ಹುಳುಮನೆ, ಒಂದೇ ಒಲೆ. ಹೇಳಬೇಕಾದದ್ದನ್ನೆಲ್ಲ ನನಗೆ ಕೇಳುವಂತೆ ಕುಂಬಳಿಗೆ ಹೇಳುತ್ತಿದ್ದಳು. "ಕುಂಬಳೀ, ನಿನ್ನ ನೆಂಟರು ಇಪ್ಪತ್ತು ಸಾವಿರ ಜನ ಬತ್ತವ್ರಂತೆ ಕಣೇ. ಕರೆದವಳು ಯಾರು ಗೊತ್ತಾ? ಮೈಕಲ್ಲಿ ಕರೆದ್ಲು."

ಅವಳ ಸಿಟ್ಟಿಗೆ ಕಾರಣವಿತ್ತು. ನಮ್ಮದು ರೇಷ್ಮೆ ಊರು. ಈಗ ಎಲ್ಲರೂ ಸರ್ಕಾರದ ಮೊಟ್ಟೆ ತಂದು ಬಿಳಿ ಗೂಡು ಬೆಳೆಯುತ್ತಾರೆ. ನಮ್ಮ ಅಂಗಳದಲ್ಲಿ ಮಾತ್ರ ಅಮ್ಮನ ಕಾಲದ ಹಳದಿ ಗೂಡಿನ ತಳಿ ಉಳಿದಿದೆ. ಅಮ್ಮನಿಗೆ ಅವಳಮ್ಮ ಕೊಟ್ಟದ್ದು. ಪ್ರತಿ ಬೆಳೆಯಲ್ಲೂ ಒಳ್ಳೆಯ ಗೂಡುಗಳನ್ನು ಬಿತ್ತನೆಗೆ ಬಿಡಬೇಕು, ಚಿಟ್ಟೆ ಹೊರಬಂದು ಮೊಟ್ಟೆ ಇಡಬೇಕು, ಅದರಿಂದ ಮುಂದಿನ ಬೆಳೆ. ಒಂದು ಬೆಳೆ ಕೆಟ್ಟರೆ ತಳಿಯೇ ಹೋಯಿತು, ಅಂಗಡಿಯಲ್ಲಿ ಸಿಗುವುದಲ್ಲ. ಈ ಹುಳುಗಳಿಗೋ ಸೂಕ್ಷ್ಮ ವಿಪರೀತ. ಹುಳುಮನೆ ಹತ್ತಿರ ಒಗ್ಗರಣೆ ಹಾಕುವಂತಿಲ್ಲ, ಸೊಳ್ಳೆಬತ್ತಿ ಹಚ್ಚುವಂತಿಲ್ಲ, ಮದುವೆಗೆ ಸೆಂಟು ಹಾಕಿಕೊಂಡು ಹೋದವರು ಸ್ನಾನ ಮಾಡದೆ ಒಳಗೆ ಕಾಲಿಡುವಂತಿಲ್ಲ. ದಿಬ್ಬದ ಗಾಳಿ ನೇರ ನಮ್ಮ ಅಂಗಳಕ್ಕೇ ಇಳಿಯುತ್ತದೆ. ಹಂದಿ ಬಂದರೆ ಅಮ್ಮನ ತಳಿ ಹೋಗುತ್ತದೆ, ಅದು ನನ್ನ ಸಹಿಯಿಂದ ಹೋಗುತ್ತದೆ. ರಾತ್ರಿ ಅದನ್ನು ನೆನೆದು ಎರಡು ಸಲ ಅತ್ತಿದ್ದೇನೆ. ಹಗಲು ಯಾರಿಗೂ ತೋರಿಸಿಕೊಳ್ಳಲಿಲ್ಲ.

ಜಿಲ್ಲೆಯಿಂದ ಅಧಿಕಾರಿ ಬಂದು ಊರವರ ಮಾತು ಕೇಳುವ ದಿನ ಗೊತ್ತಾಯಿತು. ಅದಕ್ಕೆ ಐದು ದಿನ ಮೊದಲು ಕಂಪನಿಯವರು ಒಂದು ಬಸ್ಸು ಕಳಿಸಿದರು. ಎರಡು ತಾಲ್ಲೂಕಿನಾಚೆ ಅವರದೇ ಕೇಂದ್ರ ನಡೆಯುತ್ತಿದೆಯಂತೆ, ಕಣ್ಣಾರೆ ನೋಡಿ ಬನ್ನಿ, ಊಟ ನಮ್ಮದು ಎಂದರು. ಬಸ್ಸು ಎಂದರೆ ನಮ್ಮವರು ಬಿಡುವುದುಂಟೇ? ಹಿಂದಿನ ದಿನವೇ ಡೋಲು ತಂದು ಸೀಟಿನಡಿ ಇಟ್ಟರು.

ಹೊರಡುವ ಬೆಳಿಗ್ಗೆ ಅಕ್ಕ ಒಂದು ಬಿದಿರು ತಟ್ಟೆ ತಂದು ನನ್ನ ಮುಂದೆ ಇಟ್ಟಳು. ಬಿತ್ತನೆಗೆಂದು ಆರಿಸಿಟ್ಟ ಹುಳುಗಳಲ್ಲಿ ಅರ್ಧ. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ಮೂರು ದಿನವಾಗಿತ್ತು, ಹುಳುಗಳು ಬಕಾಸುರರ ಹಾಗೆ ತಿನ್ನುವ ಹೊತ್ತು. ಮೇಲೆ ಒದ್ದೆ ಬಟ್ಟೆ, ಪಕ್ಕದಲ್ಲಿ ಒಂದು ಚೀಲ ಹಿಪ್ಪುನೇರಳೆ ಸೊಪ್ಪು.

"ಕುಂಬಳೀ," ಎಂದಳು ನನ್ನ ಕಡೆ ನೋಡದೆ, "ಮಧ್ಯಾಹ್ನ ಅಲ್ಲಿ ಸೊಪ್ಪು ಹಾಕಬೇಕು. ಅಲ್ಲಿ ಇವು ತಿಂದ್ರೆ ನಾನೂ ಸಹಿ ಹಾಕ್ತೀನಿ ಅಂತ ಹೇಳು ಅವಳಿಗೆ."

ಅರ್ಧ ಮಾತ್ರ ಕೊಟ್ಟಿದ್ದನ್ನು ಗಮನಿಸಿ. ಗೆರೆ ಎಳೆಯುವವಳು ಯಾವುದರಲ್ಲೂ ಪೂರ್ತಿ ಬಿಟ್ಟುಕೊಡುವುದಿಲ್ಲ.

ದಾರಿಯುದ್ದಕ್ಕೂ ಡೋಲು, ಹಾಡು, ಸೀಟುಗಳ ನಡುವೆ ಕುಣಿತ. ನಾನು ಮಾತ್ರ ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಬಾಣಂತಿಯ ಹಾಗೆ ಕೂತಿದ್ದೆ. ಕಂಪನಿಯ ಕಡೆಯಿಂದ ಕ್ರಿತ್ ಎಂಬ ಮೂವತ್ತರ ಆಸುಪಾಸಿನ ಯುವಕ ಬಂದಿದ್ದ. ರಾಜಧಾನಿಯವನು, ಮಾತು ಬಹಳ ನಯ, ಪ್ರತಿ ಮಾತಿಗೂ ಕೈಮುಗಿಯುತ್ತಿದ್ದ.

"ಅಮ್ಮಾ, ವಾಸನೆ ಬರುತ್ತೆ ಅಂತ ನಿಮಗೆ ಯಾರು ಹೇಳಿದ್ರು?" ಎಂದು ನಕ್ಕ. "ಕೊಳೆಸಿದ ಮೀನಿನ ಗೊಜ್ಜು ದಿನಾ ತಿನ್ನೋರು ನೀವು. ನೀವೇ ವಾಸನೆಗೆ ಹೆದರಿದ್ರೆ ಹೇಗೆ?"

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಆಮೇಲೆ ಹೇಳಿದೆ, "ನಮ್ಮ ವಾಸನೆ ಮಡಕೆ ಒಳಗೆ ಇರ್ತದಪ್ಪ. ಅದಕ್ಕೆ ಮುಚ್ಚಳ ಐತೆ. ಬೇಕಾದಾಗ ತೆಗೀತೀವಿ, ಬ್ಯಾಡ ಅಂದಾಗ ಮುಚ್ತೀವಿ. ನಿನ್ನ ಮುಚ್ಚಳ ಎಲ್ಲೈತೆ, ತೋರ್ಸು."

ಪಾಪ, ಅವನು ತೋರಿಸಿದ್ದು ಗಾಜಿನ ಕೋಣೆ. ಏಸಿ ಹಾಕಿದ ಕೋಣೆಯಲ್ಲಿ ನಮ್ಮನ್ನೆಲ್ಲ ಕೂರಿಸಿ, ಗಾಜಿನಾಚೆ ಸಾಲಾಗಿ ನಿಂತ ಹಂದಿಗಳನ್ನು ತೋರಿಸಿದ. ಕಬ್ಬಿಣದ ಸರಳುಗಳ ನಡುವೆ ತಾಯಿ ಹಂದಿಗಳು ನಿಂತಿದ್ದವು, ಇಲ್ಲವೇ ಮಲಗಿದ್ದವು. ತಿರುಗಲು ಜಾಗವಿರಲಿಲ್ಲ. ಒಂದೂ ಯಾರನ್ನೂ ಬೈಯುತ್ತಿರಲಿಲ್ಲ. ನೆಲ ಮಾತ್ರ ನಮ್ಮ ಅಡುಗೆಮನೆಗಿಂತ ಚೊಕ್ಕಟವಾಗಿತ್ತು. ಮೂಗಿಗೆ ನಿಂಬೆಹಣ್ಣಿನ ಸ್ಪ್ರೇ ವಾಸನೆ ಬಿಟ್ಟರೆ ಬೇರೇನೂ ಬರಲಿಲ್ಲ. ನಮ್ಮ ಹೆಂಗಸರು ಪರವಾಗಿಲ್ಲ ಎನ್ನುವಂತೆ ತಲೆಯಾಡಿಸಿದರು. ನನಗೂ ಸ್ವಲ್ಪ ಆಸೆಯಾಯಿತು. ನಾನು ಮಾಡಿದ್ದು ಅಂಥ ದೊಡ್ಡ ತಪ್ಪೇನಲ್ಲ ಅಂತ ಆಗಿಬಿಟ್ಟರೆ?

ಊಟಕ್ಕೆ ಕರೆದರು. ಹುಳುಗಳಿಗೂ ಊಟದ ಹೊತ್ತು. ತಟ್ಟೆಯನ್ನು ಒಳಗೆ ಬಿಡದ ಕಾರಣ ಬಸ್ಸಿನಲ್ಲೇ ಇಟ್ಟಿದ್ದೆ. ಬಸ್ಸನ್ನು ಡ್ರೈವರು ನೆರಳು ಹುಡುಕಿಕೊಂಡು ಕೊಟ್ಟಿಗೆಗಳ ಹಿಂದೆ, ದೊಡ್ಡ ಫ್ಯಾನುಗಳು ಗಾಳಿ ಉಗುಳುವ ಕಡೆ ನಿಲ್ಲಿಸಿದ್ದ. ಮೂಲೆ ತಿರುಗಿದ್ದೇ ತಡ, ಗಾಳಿ ನನ್ನ ಗಂಟಲು ಹಿಡಿಯಿತು. ಕಣ್ಣು ಉರಿದು ನೀರು ಬಂತು. ಡ್ರೈವರು ಮುಖಕ್ಕೆ ಟವೆಲ್ಲು ಸುತ್ತಿಕೊಂಡು ಮಲಗಿದ್ದ. ಅದೇ ಬಕೆಟ್ಟಿನ ಟವೆಲ್ಲು.

ಬಟ್ಟೆ ಸರಿಸಿ ಸೊಪ್ಪು ಹಾಕಿದೆ. ಆ ವಯಸ್ಸಿನ ಹುಳುಗಳಿಗೆ ಸೊಪ್ಪು ಹಾಕಿದರೆ ಸೋಗೆಯ ಮೇಲೆ ಸೋನೆ ಮಳೆ ಬಿದ್ದ ಸದ್ದು ಬರಬೇಕು. ಹುಟ್ಟಿದಾಗಿನಿಂದ ಕೇಳಿದ ಸದ್ದು ಅದು, ಅದನ್ನು ಕೇಳುತ್ತ ನಿದ್ದೆ ಮಾಡಿದವಳು ನಾನು. ಆವತ್ತು ಏನೂ ಕೇಳಲಿಲ್ಲ. ಹುಳುಗಳೆಲ್ಲ ತಲೆ ಎತ್ತಿ ಹಿಡಿದು ಸುಮ್ಮನೆ ಇದ್ದವು. ಎಲೆಯ ಅಂಚನ್ನು ಒಂದೂ ಮುಟ್ಟಲಿಲ್ಲ.

ಕೊಟ್ಟಿಗೆಯ ಕಾವಲುಗಾರನ ಹೆಂಡತಿ, ನಮ್ಮ ಕಡೆಯ ಮಾತಿನವಳೇ, ಅಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ತಟ್ಟೆ ನೋಡಿ ಹತ್ತಿರ ಬಂದಳು.

"ಹಳದಿ ಗೂಡಿಂದಾ ಅಕ್ಕ? ಎಷ್ಟು ವರ್ಷ ಆಯ್ತು ನೋಡಿ," ಎಂದಳು. "ಇಲ್ಲೂ ಹಿಪ್ಪುನೇರಳೆ ತೋಟ ಇತ್ತು. ಈಗ ಯಾರೂ ಹುಳ ಮೇಯ್ಸಲ್ಲ. ಗಾಳಿ ತಿರುಗಿದ ದಿನ ನಾವು ಸೊಳ್ಳೆಪರದೆ ಕಟ್ಕೊಂಡು ಅದ್ರೊಳಗೆ ಕೂತು ಉಣ್ತೀವಿ. ಅಷ್ಟು ನೊಣ."

ನಾನು ಒಳಗೆ ಹೋಗಿ ಹೆಂಗಸರನ್ನು ಕರೆದುಕೊಂಡು ಬಂದೆ. ಏನೂ ಹೇಳಲಿಲ್ಲ. ನನ್ನ ಜನ್ಮದಲ್ಲಿ ನಾನು ಬಾಯಿ ಮುಚ್ಚಿಕೊಂಡು ಮಾಡಿದ ಒಂದೇ ಕೆಲಸ ಅದು. ಒಬ್ಬೊಬ್ಬರೇ ಬಸ್ಸು ಹತ್ತಿ ತಟ್ಟೆಗೆ ಕಿವಿ ಕೊಟ್ಟರು, ಮೂಗಿಗೆ ಹೆಗಲ ಬಟ್ಟೆ ಹಿಡಿದು ಇಳಿದರು. ಯಜಮಾನ ಥಾವೊನ್ ಕೊನೆಗೆ ಬಂದರು. ಅವರಿಗೆ ಒಂದು ಕಿವಿ ಕೇಳಿಸದು. ಕೇಳಿಸುವ ಕಿವಿಯನ್ನೇ ಕೊಟ್ಟು ಬಹಳ ಹೊತ್ತು ಬಗ್ಗಿ ನಿಂತಿದ್ದರು.

ವಾಪಸ್ಸು ಬರುವಾಗ ಡೋಲು ಸೀಟಿನಡಿಯೇ ಉಳಿಯಿತು. ಅರ್ಧ ದಾರಿಗೆ ಗಾಳಿ ತಿಳಿಯಾಗಿ ನನ್ನ ತೊಡೆಯ ಮೇಲೆ ಮಳೆ ಸದ್ದು ಶುರುವಾದಾಗ ಮಾತೂ ಶುರುವಾಯಿತು.

"ಬ್ಯಾಡ ಅನ್ನೋದೇನೋ ಸರಿ," ಎಂದರು ಯಜಮಾನರು. "ಹೇಳೋದು ಹೆಂಗೆ? ಅವರ ಎಣ್ಣೇಲಿ ಮೀನು ಕರಕೊಂಡು ತಿಂದಿದೀವಿ. ತಿಂದ ಬಾಯಲ್ಲೇ ಬ್ಯಾಡ ಅಂದ್ರೆ ಏನು ಚೆಂದ?"

ಬಸ್ಸಿನಲ್ಲಿ ಎಲ್ಲರಿಗೂ ಅದೇ ಇಕ್ಕಟ್ಟು. ನಮ್ಮ ಜನ ಹಾಗೆಯೇ. ಉಣ್ಣಿಸಿದವನ ಮುಖ ನೋಡಿ ಇಲ್ಲ ಎನ್ನಲು ಬರುವುದಿಲ್ಲ, ಕಾಲಿನ ಹೆಬ್ಬೆರಳು ನೋಡುತ್ತ ಕೂರುತ್ತಾರೆ. ಕೂತಿದ್ದನ್ನೇ ಬಂದವರು ಒಪ್ಪಿಗೆ ಎಂದು ಬರೆದುಕೊಂಡು ಹೋಗುತ್ತಾರೆ.

"ತಿಂದಿದ್ದನ್ನ ವಾಪಸ್ ಕೊಟ್ಬಿಡಾಣ," ಎಂದೆ. "ಬಕೆಟ್ಟು ತುಂಬಿ ಕೊಡಾಣ. ಖಾಲಿ ಪಾತ್ರೆ ಯಾರಾದ್ರೂ ವಾಪಸ್ ಕೊಡ್ತಾರಾ? ಅವರು ಕೊಟ್ಟಿದ್ದಕ್ಕಿಂತ ಒಂದು ಹಿಡಿ ಜಾಸ್ತೀನೇ ತುಂಬಾಣ. ಆಮೇಲೆ ಬಾಯಿ ನಮ್ದು."

ಮುಂದಿನ ನಾಲ್ಕು ದಿನ ನೋಂಗ್ ಮೊನ್‌ನಲ್ಲಿ ಬಕೆಟ್ಟಿನ ಬೇಟೆ. ಒಬ್ಬರ ಬಕೆಟ್ಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ಅದನ್ನು ಎಬ್ಬಿಸಲು ಹೋದವರ ಕೈಗೆಲ್ಲ ಕುಕ್ಕು. ಇನ್ನೊಬ್ಬರದು ತೂತಾಗಿತ್ತು, ಟಾರು ಹಚ್ಚಿದರು. ಯಜಮಾನರ ಹೆಂಡತಿ ತಮ್ಮದನ್ನು ಹಾಗೇ ಭಿಕ್ಕುಗಳಿಗೆ ದಾನ ಕೊಟ್ಟುಬಿಟ್ಟಿದ್ದರು. ವಿಹಾರಕ್ಕೆ ಕೊಟ್ಟದ್ದನ್ನು ಮರಳಿ ಕೇಳುವುದು ಹೇಗೆ? ಯಜಮಾನರೇ ಪೇಟೆಗೆ ಹೋಗಿ ಅಂಥದ್ದೇ ಕೊಂಡು ತಂದರು. ಬಣ್ಣ ಸ್ವಲ್ಪ ಹೆಚ್ಚು ಕಿತ್ತಳೆ ಇತ್ತು, ಅದಕ್ಕೆ ಊರೆಲ್ಲ ಅವರನ್ನು ಗೋಳು ಹೊಯ್ದುಕೊಂಡಿತು. ನಾನು ನನ್ನ ಬಕೆಟ್ಟಿಗೆ ಅಂಟಕ್ಕಿ, ಒಣಮೆಣಸು, ಒಂದು ಮಡಕೆ ಮೀನಿನ ಗೊಜ್ಜು, ಮೇಲೆ ನಮ್ಮ ಕಡೆಯ ಕುರುಕಲು ತಿಂಡಿಯಾದ ಹುರಿದ ರೇಷ್ಮೆ ಹುಳು ತುಂಬಿದೆ.

ಸಭೆ ವಿಹಾರದ ಮಂಟಪದಲ್ಲಿ. ಜಿಲ್ಲೆಯಿಂದ ಬಂದ ಅಧಿಕಾರಿ ಸುಪಾನಿ ಎಂಬ ಹೆಂಗಸು, ಮೇಜಿನ ಮೇಲೆ ನಮ್ಮ ಜೆರಾಕ್ಸುಗಳ ಕಟ್ಟು. ಕ್ರಿತ್ ಒಂದು ಗಂಟೆ ಚಿತ್ರ ತೋರಿಸಿ ಮಾತಾಡಿದ. ಕೊನೆಗೆ ಅಧಿಕಾರಿ, "ಯಾರಿಗಾದ್ರೂ ಆಕ್ಷೇಪಣೆ ಇದೆಯಾ?" ಎಂದರು. ಊರಿಗೆ ಊರೇ ಹೆಬ್ಬೆರಳು ನೋಡತೊಡಗಿತು. ಅಧಿಕಾರಿ ಪೆನ್ನು ಎತ್ತಿಕೊಂಡರು. ಎದ್ದು ಬಕೆಟ್ಟು ಎತ್ತಿಕೊಂಡು ಹೋಗಿ ಕ್ರಿತ್‌ನ ಮುಂದಿಟ್ಟೆ.

"ಇದೇನಮ್ಮಾ?"

"ನೀನು ಕೊಟ್ಟಿದ್ದಪ್ಪ. ಭಿಕ್ಕುಗಳಾದ್ರೆ ಇಸ್ಕೊಂಡಿದ್ದನ್ನ ವಾಪಸ್ ಕೊಡಂಗಿಲ್ಲ. ನಾವು ಭಿಕ್ಕುಗಳಲ್ಲ. ಬೇಜಾರು ಮಾಡ್ಕೋಬ್ಯಾಡ, ನೀನು ಒಳ್ಳೆ ಹುಡುಗ. ಹಂದಿ ಬ್ಯಾಡ." ಅಧಿಕಾರಿಯ ಕಡೆ ತಿರುಗಿ, "ಅಮ್ಮಾ, ನಾನು ಬುವಾಲೈ. ಓದ್ದೆ ಸಹಿ ಹಾಕ್ದೆ. ಎಲ್ರನ್ನೂ ಮೈಕಲ್ಲಿ ಕೂಗಿ ಕರೆದವಳೂ ನಾನೇ. ಆ ಸಹಿ ಬಕೆಟ್ಟಿಗೆ, ಹಂದಿಗಲ್ಲ. ನನ್ನ ಕಾಗದ ನಂಗೆ ಕೊಡಿ," ಎಂದೆ.

ಆಮೇಲೆ ಕೋಳಿ ಕುಕ್ಕಿದ ಕೈಗೆ ಪಟ್ಟಿ ಕಟ್ಟಿಕೊಂಡಿದ್ದವಳು ಎದ್ದಳು. ಅವಳ ಹಿಂದೆ ಯಜಮಾನರು ಕಿತ್ತಳೆ ಬಕೆಟ್ಟು ಹಿಡಿದು ಎದ್ದರು. ಆಮೇಲೆ ಸಾಲು ಬಾಗಿಲಾಚೆಗೂ ಬೆಳೆಯಿತು. ಒಬ್ಬೊಬ್ಬರೂ ಬಕೆಟ್ಟು ಇಟ್ಟು, ಕೈಮುಗಿದು, ಹೆಸರು ಹೇಳಿ, "ಬ್ಯಾಡ" ಎಂದು, ತಮ್ಮ ಜೆರಾಕ್ಸ್ ತೆಗೆದುಕೊಂಡು ಹೋದರು. ಅಷ್ಟು ಜನ ಒಟ್ಟಿಗೆ ಅಷ್ಟು ನಯವಾಗಿ ಬೇಡ ಅಂದದ್ದನ್ನು ನಾನಂತೂ ಕಂಡಿಲ್ಲ. ಕ್ರಿತ್ ಬಕೆಟ್ಟುಗಳ ನಡುವೆ ಸಿಕ್ಕಿಹಾಕಿಕೊಂಡು ಪ್ರತಿಯೊಬ್ಬರಿಗೂ ತಿರುಗಿ ಕೈಮುಗಿಯುತ್ತಿದ್ದ.

ಕೊನೆಗೆ ಉಳಿದವಳು ಅಕ್ಕ. ಖಾಲಿ ಕೈಯಲ್ಲಿ ಕೂತಿದ್ದಳು.

"ನಿಮ್ಮ ಬಕೆಟ್ಟು, ಅಜ್ಜಿ?" ಎಂದು ಅಧಿಕಾರಿ ಕೇಳಿದರು.

"ನನ್ನ ಕಾಗದ ಆ ಕಟ್ಟಲ್ಲಿಲ್ಲಮ್ಮ," ಎಂದಳು ಅಕ್ಕ. "ಬಕೆಟ್ಟಿಗೆ ಮಾತ್ರ ಅಂತ ಬರ್ದಿದೀನಿ. ನನ್ನ ಲೆಕ್ಕ ಆವತ್ತೇ ಚುಕ್ತಾ. ಬಕೆಟ್ಟು ನಂದು, ಕೊಡಲ್ಲ."

ಅಧಿಕಾರಿ ನಕ್ಕುಬಿಟ್ಟರು. ಸರ್ಕಾರಿ ಸಭೆಯಲ್ಲಿ ಅಧಿಕಾರಿ ನಕ್ಕದ್ದನ್ನು ನಮ್ಮೂರು ಈಗಲೂ ಹೇಳಿಕೊಳ್ಳುತ್ತದೆ. ಹತ್ತು ದಿನಕ್ಕೆ ಆದೇಶ ಬಂತು, ಊರಿನ ಒಪ್ಪಿಗೆ ಇಲ್ಲದ ಕಾರಣ ಅರ್ಜಿ ತಿರಸ್ಕರಿಸಿದೆ ಎಂದು. ಯಜಮಾನರು ಅದನ್ನು ಮೈಕಿನಲ್ಲಿ ಮೂರು ಸಲ ಓದಿದರು. ಕಂಪನಿ ಬೇರೆ ದಿಬ್ಬ ಹುಡುಕುತ್ತಿದೆಯಂತೆ. ಆ ಊರಿನವರಿಗೆ ಜೆರಾಕ್ಸಿನ ವಿಷಯ ಹೇಳಿ ಬರಲು ನಮ್ಮ ಹೆಂಗಸರು ಆಗಲೇ ಬಸ್ಸು ಗೊತ್ತು ಮಾಡಿದ್ದಾರೆ. ಡೋಲೂ ಹೋಗುತ್ತದೆ.

ಬಸ್ಸಿನಲ್ಲಿ ಹೋಗಿ ಬಂದ ಆ ಅರ್ಧ ಪಾಲಿನ ಹುಳುಗಳು ಒಂದು ದಿನ ತಡವಾಗಿ ಹಣ್ಣಾದವು, ಅಂದರೆ ಗೂಡು ಕಟ್ಟಲು ಸಿದ್ಧವಾದವು. ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಟ್ಟಾಗ ಕೆಲವು ಸೊರಗಿ ಸತ್ತವು. ಉಳಿದವು ಹಳದಿ ಗೂಡು ಕಟ್ಟಿದವು, ಸ್ವಲ್ಪ ಚಿಕ್ಕವು, ಆದರೆ ಗಟ್ಟಿ. ಅಕ್ಕ ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ಆರಿಸಿದಳು. ನನ್ನ ಜೊತೆ ಇನ್ನೂ ಮಾತಿಲ್ಲ. ಚಿಟ್ಟೆಗಳು ಹೊರಬಂದ ಮರುದಿನ ನಾನು ತೋಟದಿಂದ ಸೌದೆಯ ಹೊರೆ ಹೊತ್ತು ಬಂದೆ. ಅಕ್ಕ ಹುಳುಮನೆಯ ಬಾಗಿಲಲ್ಲಿ ತನ್ನ ಹಳದಿ ಬಕೆಟ್ಟನ್ನು ಬೋರಲು ಹಾಕಿಕೊಂಡು ಅದರ ಮೇಲೆ ಕೂತಿದ್ದಳು. ಮೊಟ್ಟೆ ಇಡಿಸಲು ಶುಭ್ರವಾದ ಕಾಗದ ಬೇಕಲ್ಲ, ಅಕ್ಕಿ ಡಬ್ಬದ ಮೇಲೆ ನಾನು ಇಟ್ಟಿದ್ದ, ಸಭೆಯಿಂದ ತಂದ ನನ್ನ ಜೆರಾಕ್ಸನ್ನೇ ತಿರುಗಿಸಿ ಹಾಸಿದ್ದಾಳೇನೋ ಎಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ತಿರುಗಿಸಿರಲಿಲ್ಲ. ಮೂಲೆಯಲ್ಲಿ ನನ್ನ ಕಳ್ಳಮುಖ, ಕೆಳಗೆ ನನ್ನ ಸಹಿ. ಕಂಪನಿ ಅಚ್ಚು ಹಾಕಿದ ಸಾಲುಗಳ ಮೇಲೆ, ಸುತ್ತಲಿನ ಬಿಳಿಯ ಮೇಲೆ, ಸಾಸಿವೆಗಿಂತ ಚಿಕ್ಕ ಮೊಟ್ಟೆಗಳು ಒತ್ತೊತ್ತಾಗಿ ತುಂಬಿದ್ದವು. ಅಮ್ಮನ ತಳಿ.

ಅಕ್ಕ ಕಾಗದವನ್ನು ನನ್ನ ಕಡೆ ಚಾಚಿದಳು. ಕುಂಬಳಿಯ ಕಡೆ ನೋಡಲಿಲ್ಲ, ನನ್ನನ್ನೇ ನೋಡಿದಳು.

"ಗೆರೆ ಎಳಿ," ಎಂದಳು.

"ಎಲ್ಲಿ ಎಳೀಲಕ್ಕ?" ಎಂದೆ. "ಜಾಗಾನೇ ಇಲ್ಲ."

"ಹೂಂ," ಎಂದಳು. "ಹಂಗಿದ್ರೆ ಸರಿ. ಒಳಗೆ ತೂಗುಹಾಕು, ಇರುವೆ ಬಂದಾವು. ನಿನ್ನ ಹಂದಿ ಆವಾಗಿಂದ ಬೈತಾ ಐತೆ, ಅದಕ್ಕೂ ಏನಾದ್ರೂ ಹಾಕು."

ಕಾಗದವನ್ನು ಎರಡು ಕೈಯಲ್ಲಿ ಹಿಡಿದು ಒಳಗೆ ಹೋಗಿ ತೂಗುಹಾಕಿದೆ. ಆಮೇಲೆ ಮುಸುರೆ ಬಕೆಟ್ಟು ಎತ್ತಿಕೊಂಡು ಕುಂಬಳಿಯ ಹತ್ತಿರ ಹೋದೆ. ಅದು ಬೈಯುತ್ತಲೇ ಇತ್ತು, ಆವತ್ತು ನಾನು ತಿರುಗಿ ಬೈಯಲಿಲ್ಲ.